ಅಣುಬಾಂಬಿಗೆ ಬದಲಿ ಮದ್ದುಂಟೆ?



2025ರ ಏಪ್ರಿಲ್‌ನಲ್ಲಿ ಚೀನಾದಿಂದ ಒಂದು ಸುದ್ದಿ ಬಂತು. ಪರಮಾಣುವಿನ ಗೊಡವೆಯೇ ಇಲ್ಲದ ‘ಹೈಡ್ರೋಜನ್ ಬಾಂಬ್’ ಒಂದನ್ನು ಅಲ್ಲಿಯ ಸಂಶೋಧಕರು ಸಿಡಿಸಿ ನೋಡಿದ್ದಾರಂತೆ ಎಂದು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಜಿಗಿಯಿತು. ಅದರ ಹಿಂದಿನ ವರ್ಷ ನಮ್ಮ ನಾಗಪುರದ ಕಂಪನಿಯೊಂದು ತಯಾರಿಸಿದ ಸೆಬೆಕ್ಸ್-2 ಎಂಬ ಸ್ಫೋಟಕಕ್ಕೆ ನೌಕಾಪಡೆಯ ಪ್ರಮಾಣಪತ್ರ ಸಿಕ್ಕಿತ್ತು. ಟಿಎನ್‌ಟಿ ಎಂಬ ಹಳೆಯ ಸ್ಫೋಟಕಕ್ಕಿಂತ ಎರಡು ಪಟ್ಟು ಬಲ, ಪರಮಾಣು ಅಸ್ತ್ರ ಬಿಟ್ಟರೆ ಜಗತ್ತಿನ ಅತಿ ಪ್ರಬಲ ಸ್ಫೋಟಕಗಳಲ್ಲಿ ಒಂದು ಎಂದು ಪತ್ರಿಕೆಗಳು ಬರೆದವು. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಬರುತ್ತದೆ. ಮದ್ದು ಹೀಗೇ ಬಲಿಯುತ್ತ ಹೋದರೆ ಮುಂದೊಂದು ದಿನ ಅಣುಬಾಂಬೇ ಬೇಡವಾಗುತ್ತದಲ್ಲವೆ? ವಿಕಿರಣ ಇಲ್ಲ, ಹುಟ್ಟುವ ಮಕ್ಕಳಿಗೂ ತಟ್ಟುವ ಶಾಪ ಇಲ್ಲ, ಶತ್ರುವಿನ ಕೋಟೆ ಮಾತ್ರ ಬೀಳುತ್ತದೆ. ಹಾಗಾಗಬಾರದೇಕೆ?

ಪ್ರಶ್ನೆ ದಡ್ಡತನದ್ದಲ್ಲ. ದೊಡ್ಡ ದೇಶಗಳ ಸೇನಾಪತಿಗಳು, ವಿಜ್ಞಾನಿಗಳು ಇದರ ಬೆನ್ನು ಹತ್ತಿ ದಶಕಗಳನ್ನೇ ಕಳೆದಿದ್ದಾರೆ. ಮೊದಲು ಆ ಚೀನಾ ಬಾಂಬಿನ ಲೆಕ್ಕ ಮುಗಿಸಿಬಿಡೋಣ. ಅದು ಎರಡು ಕಿಲೋ ತೂಕದ ಸಾಧನ. ಒಳಗಿದ್ದದ್ದು ಮೆಗ್ನೀಸಿಯಮ್ ಹೈಡ್ರೈಡ್, ಅಂದರೆ ಹೈಡ್ರೋಜನ್ ಅನ್ನು ತನ್ನೊಳಗೆ ಹಿಡಿದಿಟ್ಟುಕೊಂಡ ಪುಡಿ. ಕಾದಾಗ ಆ ಹೈಡ್ರೋಜನ್ ಹೊರಬಿದ್ದು ಗಾಳಿಯಲ್ಲಿ ಉರಿಯಿತು. 1,000 ಡಿಗ್ರಿ ಮೀರಿದ ಬೆಂಕಿಯುಂಡೆ ಎರಡು ಸೆಕೆಂಡಿಗೂ ಹೆಚ್ಚು ಕಾಲ ನಿಂತಿತು. ಆದರೆ ಆಘಾತದ ಒತ್ತಡ ಅಷ್ಟೇ ತೂಕದ ಟಿಎನ್‌ಟಿಯ ಅರ್ಧವನ್ನೂ ಮುಟ್ಟಲಿಲ್ಲ. ಸುಡುವುದರಲ್ಲಿ ಜೋರು, ಒಡೆಯುವುದರಲ್ಲಿ ಸಪ್ಪೆ. ನಿಜವಾದ ಹೈಡ್ರೋಜನ್ ಬಾಂಬಿನಲ್ಲಿ ಹೈಡ್ರೋಜನ್ನಿನ ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇಲ್ಲಿ ಅದು ಬರೀ ಉರಿದುಹೋಯಿತು.

ಇನ್ನು ಬಲದ ಮಾತು. ಒಂದು ಕಿಲೋ ಟಿಎನ್‌ಟಿಯಲ್ಲಿ ಎಷ್ಟು ಶಕ್ತಿ ಇದೆ ಅಂದುಕೊಂಡಿದ್ದೀರಿ? ಒಂದು ಕಿಲೋ ಒಣ ಸೌದೆಯಲ್ಲಿ ಇರುವುದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಹೌದು, ಬಚ್ಚಲೊಲೆಗೆ ಇಡುವ ಅದೇ ಸೌದೆ. ಸೌದೆ ಒಲೆಯಲ್ಲಿ ನಿಧಾನವಾಗಿ ಉರಿದು ಹಂಡೆ ನೀರು ಕಾಯಿಸುತ್ತದೆ. ಟಿಎನ್‌ಟಿಯಲ್ಲಿ ಅದೇ ಬಗೆಯ ರಾಸಾಯನಿಕ ಕ್ರಿಯೆ ಸೆಕೆಂಡಿಗೆ ಸುಮಾರು ಏಳು ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತದೆ. ವ್ಯತ್ಯಾಸವೆಲ್ಲ ಅವಸರದ್ದು. ಸೌದೆ ತನಗೆ ಬೇಕಾದ ಆಮ್ಲಜನಕವನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಸ್ಫೋಟಕಕ್ಕೆ ಅಷ್ಟು ಪುರಸೊತ್ತಿಲ್ಲ. ಅದರ ಒಂದೊಂದು ಅಣುವೂ ಉರಿಯುವ ಇಂಗಾಲವನ್ನೂ ಉರಿಸುವ ಆಮ್ಲಜನಕವನ್ನೂ ಮೈಮೇಲೇ ಹೊತ್ತು ನಿಂತಿರುತ್ತದೆ. ಆ ಹೊರೆಯಿಂದಾಗಿಯೇ ಕಿಲೋಗೆ ಸಿಗುವ ಶಕ್ತಿ ಕಡಿಮೆ. ಗಾಳಿಯ ಆಮ್ಲಜನಕವನ್ನೇ ಬಳಸಿಕೊಳ್ಳುವ ಥರ್ಮೋಬಾರಿಕ್ ಬಾಂಬುಗಳು ಈ ಲೆಕ್ಕದಲ್ಲಿ ಸ್ವಲ್ಪ ಮುಂದೆ ಹೋಗುತ್ತವೆ. ಆದರೆ ಅವೂ ರಸಾಯನದ ಬೇಲಿಯೊಳಗಿನವೇ.

ಬೇಲಿ ಎಷ್ಟು ಗಟ್ಟಿ ಎಂಬುದಕ್ಕೆ ಚರಿತ್ರೆ ನೋಡಿ. ಇಟಲಿಯ ಸೊಬ್ರೆರೊ ನೈಟ್ರೋಗ್ಲಿಸರಿನ್ ಕಂಡುಹಿಡಿದದ್ದು 1847ರ ಹೊತ್ತಿಗೆ. ತೂಕಕ್ಕೆ ತೂಕ ಇಟ್ಟರೆ ಅದು ಟಿಎನ್‌ಟಿಗಿಂತ ಸುಮಾರು ಒಂದೂವರೆ ಪಟ್ಟು ಬಲಶಾಲಿ. ಟಿಎನ್‌ಟಿ ಬಂದದ್ದು ಆಮೇಲೆ, 1863ರಲ್ಲಿ, ಅದೂ ಹಳದಿ ಬಣ್ಣವಾಗಿ! ಸೈನ್ಯಗಳು ಅದನ್ನು ಮೆಚ್ಚಿಕೊಂಡದ್ದು ಬಲಕ್ಕಲ್ಲ, ಸಾಧುಸ್ವಭಾವಕ್ಕೆ. ಕೆಡವಿದರೆ ಸಿಡಿಯದು, ಕರಗಿಸಿ ಗುಂಡಿನ ಕೋಶದೊಳಗೆ ಸುರಿಯಬಹುದು. ಎರಡನೇ ಮಹಾಯುದ್ಧದ ಆರ್‌ಡಿಎಕ್ಸ್ ಮತ್ತೆ ಅದೇ ಒಂದೂವರೆ ಪಟ್ಟಿನ ಆಸುಪಾಸು. 1987ರಲ್ಲಿ ಅಮೆರಿಕದ ನೌಕಾಪಡೆಯ ಚೈನಾ ಲೇಕ್ ಪ್ರಯೋಗಾಲಯ ಸಿಎಲ್-20 ಎಂಬ ಸ್ಫೋಟಕವನ್ನು ತಯಾರಿಸಿತು. ಶಿಕಾಗೊ ವಿಶ್ವವಿದ್ಯಾಲಯದ ಫಿಲಿಪ್ ಈಟನ್ ಎಂಟು ಇಂಗಾಲದ ಪರಮಾಣುಗಳನ್ನು ಘನಾಕೃತಿಯ ಎಂಟು ಮೂಲೆಗಳಲ್ಲಿ ಕೂರಿಸಿದ ಅಣುವನ್ನು 1964ರಲ್ಲೇ ಕಟ್ಟಿದ್ದರು. ಅದನ್ನು ಸ್ಫೋಟಕವಾಗಿ ಮಾರ್ಪಡಿಸುವ ಹೊತ್ತಿಗೆ ಹೊಸ ಶತಮಾನ ಬಾಗಿಲಿಗೆ ಬಂದಿತ್ತು. ಸಿಕ್ಕಿದ್ದು ಚಿನ್ನಕ್ಕಿಂತ ದುಬಾರಿಯಾದ ಚಿಟಿಕೆ ಪುಡಿ. ಒಂದೂಮುಕ್ಕಾಲು ಶತಮಾನದ ರಸಾಯನಶಾಸ್ತ್ರ ಒಂದೂವರೆ ಪಟ್ಟಿನಿಂದ ಹೊರಟು ಎರಡು ಪಟ್ಟಿನ ಹತ್ತಿರ ಬಂದು ಕೂತಿದೆ. ಇದು ವಿಜ್ಞಾನಿಗಳ ಸೋಮಾರಿತನವಲ್ಲ. ಪರಮಾಣುಗಳ ಹೊರಗಿನ ಎಲೆಕ್ಟ್ರಾನುಗಳು ಜಾಗ ಬದಲಿಸಿದಾಗ ಸಿಗುವ ಶಕ್ತಿಯೇ ಅಷ್ಟು.

ಯುರೇನಿಯಂ ವ್ಯವಹಾರವೇ ಬೇರೆ. ಒಂದು ಕಿಲೋ ಯುರೇನಿಯಂ-235 ಪೂರ್ತಿ ಒಡೆದರೆ ಬರುವ ಶಕ್ತಿ ಸುಮಾರು ಒಂದೂಮುಕ್ಕಾಲು ಕೋಟಿ ಕಿಲೋ ಟಿಎನ್‌ಟಿಗೆ ಸಮ. ಎರಡು ಪಟ್ಟಲ್ಲ, ಇನ್ನೂರು ಪಟ್ಟಲ್ಲ. ಹಿರೋಶಿಮಾದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ನಿಜವಾಗಿ ಒಡೆದದ್ದು ಒಂದು ಕಿಲೋಗೂ ಕಡಿಮೆ. ಊರನ್ನು ಮುಗಿಸಲು ಅಷ್ಟು ಸಾಕಾಯಿತು.

ಅಮೆರಿಕ 2017ರ ಏಪ್ರಿಲ್ 13ರಂದು ಅಫ್ಘಾನಿಸ್ತಾನದ ನಂಗರ್‌ಹಾರ್ ಪ್ರಾಂತ್ಯದಲ್ಲಿ ಹಾಕಿದ ‘ಬಾಂಬುಗಳ ತಾಯಿ’ ನಿಮಗೆ ನೆನಪಿರಬಹುದು. ತೂಕ 9,800 ಕಿಲೋ. ವಿಮಾನದ ಹಿಂಬಾಗಿಲಿನಿಂದ ಜಾರಿಸಿ ಬಿಡಬೇಕು, ಅಷ್ಟು ದೊಡ್ಡದು. ಬಲ ಸುಮಾರು 11 ಟನ್ ಟಿಎನ್‌ಟಿಯದು. ಇನ್ನು 1960ರ ದಶಕದಲ್ಲಿ ಅದೇ ಅಮೆರಿಕದ ಸೈನಿಕರು ಯುರೋಪಿನಲ್ಲಿ ಜೀಪಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಡೇವಿ ಕ್ರಾಕೆಟ್ ಎಂಬ ಪುಟ್ಟ ಪರಮಾಣು ಅಸ್ತ್ರದ ಸಿಡಿತಲೆ ಕೇವಲ 23 ಕಿಲೋ. ಒಂದು ಸಿಮೆಂಟ್ ಚೀಲದ ಅರ್ಧ. ಬಲ ಮಾತ್ರ 20 ಟನ್ನಿನವರೆಗೆ. ಪರಮಾಣು ಅಸ್ತ್ರಗಳ ಸಾಲಿನಲ್ಲಿ ತೀರಾ ಕೊನೆಯಲ್ಲಿ ನಿಂತ ಮರಿಯೇ ಬಾಂಬುಗಳ ತಾಯಿಯನ್ನು ಮೀರಿಸುತ್ತದೆ.

ಹಾಗೆಂದು ಸಾಮಾನ್ಯ ಸ್ಫೋಟಕವನ್ನು ಹಗುರ ಮಾಡಿ ಮಾತಾಡುವಂತಿಲ್ಲ. ಮುಂಬಯಿಯಲ್ಲಿ ಹೋಟೆಲು, ಡಾಕ್‌ಗಳಲ್ಲಿ ದುಡಿದ ನಮ್ಮ ಕರಾವಳಿಯ ಹಳೆಯ ತಲೆಗಳು 1944ರ ಏಪ್ರಿಲ್ 14ನ್ನು ಬಲ್ಲವು. ಫೋರ್ಟ್ ಸ್ಟಿಕೀನ್ ಎಂಬ ಹಡಗು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿತ್ತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಮದ್ದುಗುಂಡು, ಜೊತೆಗೆ ಕರಾಚಿಯಲ್ಲಿ ತುಂಬಿಸಿಕೊಂಡ ಹತ್ತಿಯ ಬೇಲುಗಳು, ಮತ್ತೆ ಪೆಟ್ಟಿಗೆಗಟ್ಟಲೆ ಚಿನ್ನದ ಗಟ್ಟಿ. ಹತ್ತಿಯನ್ನೂ ಮದ್ದನ್ನೂ ಒಂದೇ ಹಡಗಿನಲ್ಲಿ ತುಂಬಿದ ಬುದ್ಧಿಗೆ ಏನೆನ್ನಬೇಕೋ! ಮಧ್ಯಾಹ್ನ ಎರಡರ ಸುಮಾರಿಗೆ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ಬಂದು ಎರಡು ಗಂಟೆ ಕಾಲ ನೀರು ಸುರಿದರು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು, ಅರ್ಧ ಗಂಟೆಯಲ್ಲಿ ಇನ್ನೊಮ್ಮೆ. ದೂರದ ಶಿಮ್ಲಾದಲ್ಲಿ ಭೂಕಂಪಮಾಪಕದ ಮುಳ್ಳು ಅಲುಗಿತು. ಹಡಗಿನ ಚಿನ್ನದ ಗಟ್ಟಿಯೊಂದು ಹಾರಿ ಮೈಲಿಯಾಚೆಯ ಮನೆಯೊಂದರೊಳಗೆ ಬಿತ್ತು. ಡಾಕ್‌ನ ಹೂಳೆತ್ತುವಾಗ ಎಷ್ಟೋ ದಶಕಗಳ ಆಮೇಲೂ ಗಟ್ಟಿಗಳು ಸಿಕ್ಕಿವೆ. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, 800ರಿಂದ 1,300ರವರೆಗೆ. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಬಂದವರು. ನಮ್ಮ ಊರುಗಳ ಅಗ್ನಿಶಾಮಕ ಠಾಣೆಗಳಲ್ಲಿ ಇಂದಿಗೂ ಏಪ್ರಿಲ್ 14ರಂದು ದಿನಾಚರಣೆ ನಡೆಯುವುದು ಅವರ ನೆನಪಿಗೆ.

ಅಷ್ಟೆಲ್ಲ ಆದದ್ದು ಒಂದು ಹಡಗಿನ ಮದ್ದಿನಿಂದ. ಹಿರೋಶಿಮಾದ ಬಲ 15,000 ಟನ್. ಅಂದರೆ ಅಂಥ ಹತ್ತಕ್ಕೂ ಹೆಚ್ಚು ಹಡಗುಗಳು ಬೇಕು, ಅವನ್ನು ಶತ್ರುವಿನ ಊರ ನಡುವೆ ಒಯ್ದು ನಿಲ್ಲಿಸಬೇಕು. ಅಣುಬಾಂಬು ತಂದದ್ದು ಈ ಸಾಗಾಟದ ಸುಲಭವನ್ನು. ಕೊಲ್ಲುವುದಕ್ಕೆ ಅದೇ ಬೇಕೆಂದೇನೂ ಇರಲಿಲ್ಲ. 1945ರ ಮಾರ್ಚ್ 10ರ ನಡುರಾತ್ರಿ ಟೋಕಿಯೊ ಮೇಲೆ ಸುಮಾರು 280 ವಿಮಾನಗಳು ಬೆಂಕಿಬಾಂಬು ಸುರಿದವು. ಬೆಳಗಾಗುವುದರೊಳಗೆ ಲಕ್ಷದ ಹತ್ತಿರ ಜನ ಸತ್ತರು. ಪರಮಾಣು ಇಲ್ಲದ ಅಸ್ತ್ರವೆಂದರೆ ಸ್ವಚ್ಛವಾದ ಅಸ್ತ್ರ ಎಂದುಕೊಳ್ಳುವವರು ಆ ರಾತ್ರಿಯ ವರದಿಗಳನ್ನು ಓದಬೇಕು.

ಇಲ್ಲಿ ಇನ್ನೊಂದು ಮಾತು ಸೇರಿಸುತ್ತೇನೆ. ಮದ್ದು ಮತ್ತು ಅಣುಬಾಂಬು ಎದುರಾಳಿಗಳೆಂದು ಭಾವಿಸುತ್ತೇವೆ. ನಿಜದಲ್ಲಿ ಅವು ಒಂದೇ ಮನೆಯವು. ನಮ್ಮ ತುಮಕೂರಿನ ರಾಜಾ ರಾಮಣ್ಣನವರ ಮುಂದಾಳತ್ವದಲ್ಲಿ 1974ರ ಮೇ 18ರಂದು ಪೋಖ್ರಾನಿನಲ್ಲಿ ನಡೆದ ಸ್ಫೋಟದಲ್ಲಿ ಪ್ಲುಟೋನಿಯಂ ಅನ್ನು ಎಲ್ಲ ಕಡೆಯಿಂದ ಹಿಸುಕಿದ್ದು ರಾಸಾಯನಿಕ ಸ್ಫೋಟಕವೇ. ಆ ಭಾಗದ ಹೊಣೆ ಹೊತ್ತದ್ದು ಚಂಡೀಗಢದ ರಕ್ಷಣಾ ಪ್ರಯೋಗಾಲಯ. ಸ್ಪೇನಿನ ಪಲೋಮಾರೆಸ್ ಹಳ್ಳಿಯ ಮೇಲೆ 1966ರಲ್ಲಿ ಅಮೆರಿಕದ ಬಾಂಬರ್ ವಿಮಾನ ಮುರಿದುಬಿದ್ದಾಗ ಅದರಲ್ಲಿದ್ದ ನಾಲ್ಕು ಹೈಡ್ರೋಜನ್ ಬಾಂಬುಗಳ ಪೈಕಿ ಎರಡರ ಸಾಮಾನ್ಯ ಮದ್ದು ನೆಲಕ್ಕೆ ಬಡಿದು ಸಿಡಿಯಿತು. ಪರಮಾಣು ಸ್ಫೋಟ ಆಗಲಿಲ್ಲ, ಆದರೆ ಟೊಮೇಟೊ ಬೆಳೆಯುವ ಹೊಲಗಳ ಮೇಲೆ ಪ್ಲುಟೋನಿಯಂ ಧೂಳು ಹರಡಿತು. ಸುತ್ತಿಗೆಯಲ್ಲಿ ಬಡಿದರೂ ಬೆಂಕಿಗೆ ಹಾಕಿದರೂ ಜಗ್ಗದ ಹೊಸ ಸ್ಫೋಟಕಗಳ ಕಡೆ ಪರಮಾಣು ಪ್ರಯೋಗಾಲಯಗಳು ಹೊರಳಿದ್ದು ಇಂಥ ಅಪಘಾತಗಳಿಂದ. ಸುಧಾರಿತ ಮದ್ದಿನ ಸಂಶೋಧನೆಯ ದೊಡ್ಡ ಪಾಲು ಅಣುಬಾಂಬಿನ ಊಳಿಗಕ್ಕೇ ಸಂದಿದೆ.

ರಸಾಯನದ ಬೇಲಿಯನ್ನು ಹಾರುತ್ತೇವೆ ಎಂದವರೂ ಉಂಟು. ಹ್ಯಾಫ್ನಿಯಂ ಕತೆ ಕೇಳಿ. ಈ ಲೋಹದ ಒಂದು ವಿಶೇಷ ರೂಪದ ನ್ಯೂಕ್ಲಿಯಸ್ಸಿನಲ್ಲಿ ಹೆಚ್ಚುವರಿ ಶಕ್ತಿ ಕೂಡಿಕೊಂಡು 31 ವರ್ಷಗಳ ಅರ್ಧಾಯುಷ್ಯದಲ್ಲಿ ಮೆಲ್ಲಗೆ ಸೋರುತ್ತಿರುತ್ತದೆ. ಒಂದು ಗ್ರಾಮಿನಲ್ಲಿ 300 ಕಿಲೋ ಟಿಎನ್‌ಟಿಯಷ್ಟು. ಅದನ್ನು ಒಮ್ಮೆಗೇ ಹೊರಡಿಸಬಲ್ಲೆವು ಎಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯ ಕಾರ್ಲ್ ಕಾಲಿನ್ಸ್ 1999ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಬಳಸಿದ್ದು ಹಲ್ಲಿನ ಡಾಕ್ಟರರ ಎಕ್ಸ್‌ರೇ ಯಂತ್ರ. ಹ್ಯಾಫ್ನಿಯಂ ಮಾದರಿಯನ್ನು ಇಟ್ಟದ್ದು ಬೋರಲು ಹಾಕಿದ ಥರ್ಮೋಕೋಲ್ ಲೋಟದ ಮೇಲೆ. ಬಡತನದ ಪ್ರಯೋಗಾಲಯವನ್ನು ನಾನು ಆಡಿಕೊಳ್ಳುವವನಲ್ಲ, ದೊಡ್ಡ ಶೋಧಗಳು ಅಲ್ಲೇ ಆಗಿವೆ. ಆದರೆ 2001ರಲ್ಲಿ ಆರ್ಗಾನ್ ಪ್ರಯೋಗಾಲಯದಲ್ಲಿ ಅದಕ್ಕಿಂತ ಬಹಳ ಪ್ರಬಲವಾದ ಎಕ್ಸ್‌ರೇ ಹಾಯಿಸಿ ನೋಡಿದಾಗ ಏನೂ ಕಾಣಲಿಲ್ಲ. ಅಷ್ಟಾದರೂ ಪೆಂಟಗನ್ ಕೆಲವು ವರ್ಷ ದುಡ್ಡು ಸುರಿಯಿತು. ಕೊನೆಗೆ ಕತೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಬದಲಿ ಎಂಬುದು ಸುಳ್ಳೆ? ಅಲ್ಲ. ಬದಲಿ ಬಂತು, ಆದರೆ ನಾವು ಹುಡುಕುತ್ತಿದ್ದ ದಿಕ್ಕಿನಿಂದ ಬರಲಿಲ್ಲ.

1941ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಬಟ್ ವರದಿ ತನ್ನದೇ ವಾಯುಪಡೆಯ ಮಾನ ಕಳೆಯಿತು. ಗುರಿಯ ಮೇಲೆ ಬಾಂಬು ಹಾಕಿದೆವು ಎಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯಿಂದ ಎಂಟು ಕಿಲೋಮೀಟರ್ ಒಳಗೆ ತಲುಪಿತ್ತು. ಹೀಗೆ ಕುರುಡಾಗಿ ಹಾಕುವುದಾದರೆ ಊರಿಗೆ ಊರನ್ನೇ ಸುಡುವ ಬಾಂಬೇ ಬೇಕು. ಇಲ್ಲಿ ಒಂದು ಸರಳ ಗಣಿತವಿದೆ. ಸ್ಫೋಟದ ಒತ್ತಡ ದೂರದೊಂದಿಗೆ ಎಷ್ಟು ಬೇಗ ಕುಗ್ಗುತ್ತದೆಂದರೆ, ಗುರಿ ತಪ್ಪುವ ದೂರ ಅರ್ಧಕ್ಕಿಳಿದರೆ ಬೇಕಾಗುವ ಮದ್ದು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತರಲ್ಲೊಂದಕ್ಕೆ ಇಳಿದರೆ ಮದ್ದು ಸಾವಿರದಲ್ಲೊಂದು ಸಾಕು. ರಸಾಯನಶಾಸ್ತ್ರ ಶತಮಾನದಲ್ಲಿ ಕೊಡಲಾರದ್ದನ್ನು ಗುರಿಯ ನಿಖರತೆ ಹತ್ತಿಪ್ಪತ್ತು ವರ್ಷದಲ್ಲಿ ಕೊಟ್ಟಿತು.

ವಿಯೆಟ್ನಾಮಿನ ಥಾನ್ ಹೋವಾ ಸೇತುವೆ ಇದಕ್ಕೆ ಸಾಕ್ಷಿ. ಮಾ ನದಿಯ ಮೇಲಿನ ಈ ಉಕ್ಕಿನ ಸೇತುವೆಗೆ ಅಲ್ಲಿಯವರು ಡ್ರ್ಯಾಗನ್ನಿನ ದವಡೆ ಎನ್ನುತ್ತಾರೆ. 1965ರ ಏಪ್ರಿಲ್ 3ರಂದು ಅಮೆರಿಕದ 79 ವಿಮಾನಗಳು ಅದರ ಮೇಲೆರಗಿದವು. ಬುಲ್‌ಪಪ್ ಕ್ಷಿಪಣಿಗಳು ಬಡಿದು ಮಸಿ ಹಚ್ಚಿದವೇ ಹೊರತು ಸೇತುವೆ ನಿಂತೇ ಇತ್ತು. ಮರುದಿನ ಮತ್ತೆ ಬಂದರು. ವರ್ಷಗಟ್ಟಲೆ ಬಂದರು. ಸುತ್ತಲಿನ ನೆಲ ಚಂದ್ರನ ಮೈಯಂತಾಯಿತು, ಎಷ್ಟೋ ವಿಮಾನಗಳು ಉರುಳಿದವು, ರೈಲು ಓಡುತ್ತಲೇ ಇತ್ತು. ಅದೇ ಕಾಲದಲ್ಲಿ ಫ್ರೀಮನ್ ಡೈಸನ್, ಸ್ಟೀವನ್ ವೈನ್‌ಬರ್ಗ್ ಸೇರಿ ನಾಲ್ವರು ವಿಜ್ಞಾನಿಗಳು ಸರ್ಕಾರಕ್ಕೆ ಗುಟ್ಟಿನ ವರದಿಯೊಂದನ್ನು ಬರೆದರು: ವಿಯೆಟ್ನಾಮಿನಲ್ಲಿ ಸಣ್ಣ ಅಣುಬಾಂಬು ಬಳಸಿದರೆ ಹೇಗೆ? ಬೇಡ ಎಂಬುದು ಅವರ ತೀರ್ಮಾನ. ಕಾರಣ ಕರುಣೆಯಲ್ಲ, ತಣ್ಣನೆಯ ಲೆಕ್ಕ. ಕಾಡಿನಲ್ಲಿ ಚದುರಿದ ಶತ್ರುವಿಗೆ ಆಗುವ ನಷ್ಟಕ್ಕಿಂತ ಅಂಥದೇ ಬಾಂಬು ಅವರ ಕೈಗೂ ಸಿಕ್ಕರೆ ನೆಲೆಗಳಲ್ಲಿ ಗುಂಪುಗೂಡಿದ ಅಮೆರಿಕನ್ನರಿಗೆ ಆಗುವ ನಷ್ಟ ಹೆಚ್ಚು. ಮತ್ತೆ ಸೇತುವೆಗೆ ಬರೋಣ. 1972ರ ಮೇ 13ರಂದು ಫ್ಯಾಂಟಮ್ ವಿಮಾನಗಳ ಒಂದು ಚಿಕ್ಕ ತಂಡ ಲೇಸರ್ ಕಿರಣ ಹಿಡಿದು ಇಳಿಯುವ ಬಾಂಬುಗಳನ್ನು ತಂದಿತು. ಸೇತುವೆಯ ಪಶ್ಚಿಮದ ತುದಿ ಕಳಚಿ ಬಿತ್ತು.

ಇದರ ಅರ್ಥವನ್ನು ಬೇಗ ಗ್ರಹಿಸಿದವರು ಸೋವಿಯತ್ ಸೇನಾ ಮುಖ್ಯಸ್ಥ ಮಾರ್ಷಲ್ ಒಗಾರ್ಕೊವ್. ದೂರದಿಂದ ಕರಾರುವಾಕ್ಕಾಗಿ ಹೊಡೆಯುವ ಸಾಮಾನ್ಯ ಅಸ್ತ್ರಗಳು ಪರಿಣಾಮದಲ್ಲಿ ಪರಮಾಣು ಅಸ್ತ್ರಗಳ ಹತ್ತಿರ ಬರುತ್ತಿವೆ ಎಂದು ಅವರು 1984ರಲ್ಲೇ ಬಹಿರಂಗವಾಗಿ ಹೇಳಿದರು. ಮಾತು ಪೊಳ್ಳಾಗಲಿಲ್ಲ. ಟೊಮಾಹಾಕ್ ಕ್ಷಿಪಣಿಯ ಪರಮಾಣು ಮಾದರಿಯನ್ನು ಕೈಬಿಡುವುದಾಗಿ ಅಮೆರಿಕ 2010ರಲ್ಲಿ ಸಾರಿತು, ಸಾಮಾನ್ಯ ಮದ್ದಿನ ಟೊಮಾಹಾಕ್ ಇನ್ನೂ ಹಾರುತ್ತಿದೆ. ಬೆಟ್ಟದಡಿಯ ಬಂಕರ್ ಒಡೆಯಲು ಹೊಸ ಅಣುಬಾಂಬು ಬೇಕೆಂಬ ಯೋಜನೆಗೆ ಅಲ್ಲಿಯ ಕಾಂಗ್ರೆಸ್ ದುಡ್ಡು ಕೊಡದೆ 2005ರಲ್ಲಿ ಅದು ನಿಂತುಹೋಯಿತು. ಆ ಕೆಲಸಕ್ಕೆ ಬೆಳೆದು ಬಂದದ್ದು 13,600 ಕಿಲೋದ ಸಾಮಾನ್ಯ ಬಾಂಬು. 2025ರ ಜೂನ್ 22ರಂದು ಇರಾನಿನ ಫೋರ್ಡೊ ಮತ್ತು ನತಾನ್ಜ್ ಪರಮಾಣು ನೆಲೆಗಳ ಮೇಲೆ ಅಂಥ 14 ಬಿದ್ದವು, ಫೋರ್ಡೊ ಒಂದರ ಮೇಲೇ 12. ಆ ಬಾಂಬಿನ ರಚನೆ ಗಮನಿಸಿ. 13,600 ಕಿಲೋದಲ್ಲಿ ಮದ್ದು ಇರುವುದು ಸುಮಾರು 2,400 ಕಿಲೋ. ಉಳಿದದ್ದೆಲ್ಲ ಹೆಚ್ಚುಕಡಿಮೆ ಉಕ್ಕು. ಫೋರ್ಡೊದಲ್ಲಿ ಗಾಳಿ ಹೋಗುವ ಎರಡು ಕೊಳವೆಬಾವಿಯಂಥ ಕಂಡಿಗಳಿಗೆ ಆರಾರು ಬಾಂಬುಗಳನ್ನು, ಒಂದರ ಹಿಂದೆ ಒಂದರಂತೆ, ಅದೇ ತೂತಿಗೆ ಇಳಿಸಲು ಯೋಜಿಸಿದ್ದಾಗಿ ಸೇನಾಧಿಕಾರಿಗಳು ವಿವರಿಸಿದರು. ‘ಸುಧಾರಿತ ಸ್ಫೋಟಕ’ ಎಂಬುದು ಇಲ್ಲಿ ಮದ್ದಿನ ಹೆಸರಲ್ಲ, ಉಕ್ಕು, ಉಪಗ್ರಹ, ಫ್ಯೂಸು ಎಲ್ಲ ಸೇರಿದ ವ್ಯವಸ್ಥೆ.

ಮದ್ದೇ ಬೇಡ, ವೇಗ ಸಾಕು ಎಂಬ ಹಂತಕ್ಕೂ ಬಂದಿದ್ದೇವೆ. ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಬರುವ ಬರೀ ಕಬ್ಬಿಣದ ತುಂಡಿನಲ್ಲಿ ಅದರದೇ ತೂಕದ ಟಿಎನ್‌ಟಿಯಷ್ಟು ಶಕ್ತಿ ಇರುತ್ತದೆ. ರಷ್ಯಾ 2024ರ ನವೆಂಬರ್ 21ರಂದು ಯುಕ್ರೇನಿನ ದ್ನಿಪ್ರೊ ನಗರದ ಮೇಲೆ ಒರೆಶ್ನಿಕ್ ಕ್ಷಿಪಣಿ ಬಿಟ್ಟಿತು. ಆಕಾಶದಿಂದ ಬೆಳಕಿನ ಗೆರೆಗಳು ಗುಂಪು ಗುಂಪಾಗಿ ಇಳಿದವು. ಒಳಗೆ ಸ್ಫೋಟಕವೇ ಇರಲಿಲ್ಲ ಎಂದು ಯುಕ್ರೇನಿನ ಅಧಿಕಾರಿಗಳು ಹೇಳಿದರು. ಇಂಥವನ್ನು ಹಲವು ಒಟ್ಟಿಗೆ ಬಿಟ್ಟರೆ ಪರಮಾಣು ಅಸ್ತ್ರಕ್ಕೆ ಸಮ ಎಂದು ಪುಟಿನ್ ಹೇಳಿಕೊಂಡರು. ಲೆಕ್ಕ ಹಾಕಿದರೆ ಅದು ಉತ್ಪ್ರೇಕ್ಷೆ. ತೂಕದ ಬೇಲಿ ಇಲ್ಲೂ ಇದೆ. ಆದರೆ ಆ ದಿನ ರಷ್ಯಾ ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಉಡಾಯಿಸುವ 30 ನಿಮಿಷ ಮುಂಚೆ ಅಮೆರಿಕಕ್ಕೆ ಹೇಳಿ ಕಳಿಸಿತು.

ಯಾಕೆಂದರೆ ಆಕಾಶದಲ್ಲಿ ಬರುತ್ತಿರುವ ಕ್ಷಿಪಣಿಯ ಹೊಟ್ಟೆಯಲ್ಲಿ ಏನಿದೆ ಎಂದು ರೇಡಾರ್ ಹೇಳುವುದಿಲ್ಲ. ಜಲಾಂತರ್ಗಾಮಿಯ ಟ್ರೈಡೆಂಟ್ ಕ್ಷಿಪಣಿಗಳಲ್ಲಿ ಕೆಲವಕ್ಕೆ ಸಾಮಾನ್ಯ ಸಿಡಿತಲೆ ಹಾಕೋಣ ಎಂದು ಅಮೆರಿಕ 2006ರಲ್ಲಿ ಹೊರಟಿತು. ಒಂದೇ ಗಂಟೆಯೊಳಗೆ ಜಗತ್ತಿನ ಯಾವ ಮೂಲೆಗಾದರೂ ಹೊಡೆಯಬಹುದು, ಪರಮಾಣುವಿನ ಪಾಪವಿಲ್ಲ. ಕಾಗದದ ಮೇಲೆ ಚೆಂದ. ಆದರೆ ಬರುತ್ತಿರುವುದು ಅಣುಬಾಂಬೇ ಎಂದು ಎದುರಿನವನು ತಿಳಿದು ತನ್ನದನ್ನೂ ಹಾರಿಸಿಬಿಟ್ಟರೆ? ಪುಟಿನ್ ಆ ವರ್ಷವೇ ಅದನ್ನೆತ್ತಿ ಎಚ್ಚರಿಸಿದರು. ಅಮೆರಿಕದ ಕಾಂಗ್ರೆಸ್ಸಿಗೂ ಅದೇ ಅಳುಕು, ಹಣ ಕೊಡಲಿಲ್ಲ. ಬದಲಿ ಅಸ್ತ್ರದ ವಾದದಲ್ಲಿ ನನಗೆ ಕಾಣುವ ದೊಡ್ಡ ಬಿರುಕು ಇದು. ಪರಮಾಣು ಅಸ್ತ್ರವನ್ನು ಮುಟ್ಟಲು ಯಾವ ನಾಯಕನ ಕೈಯೂ ಹಿಂಜರಿಯುತ್ತದೆ. ಬದಲಿ ಅಸ್ತ್ರಕ್ಕೆ ಆ ಹಿಂಜರಿಕೆ ಇಲ್ಲ. ಹೊಡೆಯುವವನ ಮನಸ್ಸಿನಲ್ಲಿ ಅದು ಸಾಮಾನ್ಯ ಬಾಂಬು, ಹೊಡೆಸಿಕೊಳ್ಳುವವನಿಗೆ ಅದು ಏನೆಂದು ತಿಳಿಯುವುದು ಬಿದ್ದ ಮೇಲೆ. ಅಣುಬಾಂಬನ್ನು ಇದಕ್ಕಾಗಿ ಯಾರೂ ಬಿಸಾಡಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಹಳೆಯದು ಇದ್ದೇ ಇದೆ, ಅದರ ಪಕ್ಕದಲ್ಲಿ ಹೊಸದು ಬಂದು ಕೂತಿದೆ.

ಇದು ದೂರದ ಮಾತಲ್ಲ. 2022ರ ಮಾರ್ಚ್ 9ರ ಸಂಜೆ ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ಕೈತಪ್ಪಿ ಹಾರಿತು. ಶಬ್ದಕ್ಕಿಂತ ಸುಮಾರು ಮೂರು ಪಟ್ಟು ವೇಗ. ಗಡಿ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಒಳಗೆ, ಪಾಕಿಸ್ತಾನದ ಮಿಯಾ ಚನ್ನು ಎಂಬ ಊರಿನ ಬಳಿ ಬಿತ್ತು. ಸಿಡಿಯಲಿಲ್ಲ, ಯಾರೂ ಸಾಯಲಿಲ್ಲ. ಎರಡು ದಿನ ಕಳೆದು ಭಾರತ ಒಪ್ಪಿಕೊಂಡು ವಿಷಾದ ತಿಳಿಸಿತು, ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಬ್ರಹ್ಮೋಸ್ ನಮ್ಮಲ್ಲಿ ಸಾಮಾನ್ಯ ಸಿಡಿತಲೆಯ ಅಸ್ತ್ರ ಎಂದು ನಮಗೆ ಗೊತ್ತು. ಆ ಕೆಲವು ನಿಮಿಷ ಅತ್ತ ರೇಡಾರಿನ ಮುಂದೆ ಕೂತಿದ್ದವನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಪಾಕಿಸ್ತಾನದ ಬಾಬರ್ ಕ್ರೂಸ್ ಕ್ಷಿಪಣಿಯಂತೂ ಎರಡೂ ಬಗೆಯ ಸಿಡಿತಲೆ ಹೊರಬಲ್ಲದೆಂದು ಆ ದೇಶವೇ ಹೇಳಿಕೊಂಡಿದೆ. ಪರೀಕ್ಷೆಗೆ ಮುಂಚೆ ಒಬ್ಬರಿಗೊಬ್ಬರು ತಿಳಿಸಬೇಕೆಂಬ ಒಪ್ಪಂದ ಎರಡು ದೇಶಗಳ ನಡುವೆ 2005ರ ಅಕ್ಟೋಬರಿನಲ್ಲಿ ಆಯಿತು. ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಕ್ರೂಸ್ ಕ್ಷಿಪಣಿಯ ಹೆಸರು ಅದರಲ್ಲಿಲ್ಲ. ಹೊಸ ಸ್ಫೋಟಕ ಎಷ್ಟು ಪಟ್ಟು ಎಂದು ಕೇಳುವ ನಮ್ಮ ಪತ್ರಿಕೆಗಳು ಆ ಒಪ್ಪಂದಕ್ಕೆ ಇನ್ನೊಂದು ಸಾಲು ಯಾವಾಗ ಸೇರುತ್ತದೆ ಎಂದೂ ಕೇಳಬಹುದು.